ಉದ್ದ ಬೇರೆ, ಎಳೆತ ಬೇರೆ

(ಕಥನಕಲೆ ಕುರಿತ ವಾರ್ಷಿಕ ದತ್ತಿ ಉಪನ್ಯಾಸದ ಪಾಠ)



ಈ ದತ್ತಿಯ ಪತ್ರದಲ್ಲಿ ವಿಷಯ ‘ಕಥನಕಲೆ’ ಎಂದಷ್ಟೇ ಇದೆ. ಯಾವ ಭಾಷೆಯದು, ಪುಸ್ತಕದ್ದೋ ರಂಗದ್ದೋ ಎಂದು ದತ್ತಿ ಇಟ್ಟ ಮೇಷ್ಟ್ರು ಕಟ್ಟು ಹಾಕಿಲ್ಲ. ಆ ಸಡಿಲನ್ನೇ ಹಿಡಿದುಕೊಂಡು, ಜಪಾನಿನ ಒಂದು ಅನಿಮೆ ಧಾರಾವಾಹಿಯ ವಿಮರ್ಶೆ ಮಾಡುತ್ತೇನೆ ಎಂದೆ. ಫೋನಿನ ಆ ಕಡೆ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕಾರ್ಟೂನಾ ಸಾರ್?” ಎಂದರು. ಕಾರ್ಟೂನೇ. ಆದರೆ 1999ರಲ್ಲಿ ಶುರುವಾಗಿ ಇನ್ನೂ ಮುಗಿಯದ, ಸಾವಿರದ ನೂರು ಕಂತು ದಾಟಿರುವ ಕಾರ್ಟೂನು. ಹೆಸರು ‘ಒನ್ ಪೀಸ್’. ಹಿಂದಿನ ಸಾಲಿನ ಹುಡುಗರ ಮುಖ ನೋಡಿದರೆ ಅವರಿಗೆ ಈ ಹೆಸರು ಹೊಸದಲ್ಲ ಎಂದು ಕಾಣುತ್ತದೆ. ಮುಂದಿನ ಸಾಲಿನವರು ದಯವಿಟ್ಟು ಒಂದು ಗಂಟೆ ಸಹಿಸಿಕೊಳ್ಳಬೇಕು.

ನಾನು ಇದಕ್ಕೆ ಸಿಕ್ಕಿಬಿದ್ದದ್ದು ಕಣ್ಣಿನ ಪೊರೆಯಿಂದ. ಶಸ್ತ್ರಚಿಕಿತ್ಸೆ ಆಯಿತು, ಹೊಸ ಕನ್ನಡಕ ಬರಲು ಒಂದು ತಿಂಗಳು ಎಂದರು. ಓದುವಂತಿಲ್ಲ. ಮನೆಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗ ರಾತ್ರಿ ಊಟವಾದ ಮೇಲೆ ಟಿವಿಗೆ ಇದನ್ನು ಹಾಕಿದ. ಮಾತು ಜಪಾನಿಯದು, ಅಡಿಬರಹ ಇಂಗ್ಲಿಷಿನದು. ನನಗೆ ಚಿತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಹುಡುಗ ಅಡಿಬರಹವನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ಜೋರಾಗಿ ಹೇಳತೊಡಗಿದ. ಅವನ ಬಾಯಲ್ಲಿ ಕಡಲ್ಗಳ್ಳರೆಲ್ಲ ನಮ್ಮ ಕೇರಿಯವರ ಹಾಗೆ “ಏನ್ಲಾ” ಅಂದರು. ಹೀಗೆ ಮೊದಲ ಒಂದು ತಿಂಗಳು ಇದನ್ನು ನಾನು ನೋಡಿದ್ದಕ್ಕಿಂತ ಹೆಚ್ಚಾಗಿ ಕೇಳಿದೆ. ಕನ್ನಡಕ ಬಂದ ಮೇಲೂ ಬಿಡಲಾಗಲಿಲ್ಲ. ಒಂದು ಕಂತಿಗೆ 24 ನಿಮಿಷದ ಲೆಕ್ಕದಲ್ಲಿ ಸಾವಿರದ ನೂರು ಕಂತೆಂದರೆ 440 ಗಂಟೆ. ಊಟ, ನಿದ್ದೆ ಬಿಟ್ಟು ಕೂತರೂ ಹದಿನೆಂಟು ದಿನ ಮೀರುತ್ತದೆ. ನನಗೆ ಎರಡೂವರೆ ವರ್ಷ ಬೇಕಾಯಿತು.

ಗೊತ್ತಿಲ್ಲದವರಿಗಾಗಿ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಎಯಿಚಿರೊ ಓಡಾ ಕ್ಯೂಶು ದ್ವೀಪದ ಕುಮಾಮೊಟೊದವರು, ಹುಟ್ಟಿದ್ದು 1975ರ ಜನವರಿ 1ರಂದು. 1997ರ ಜುಲೈಯಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ‘ವೀಕ್ಲಿ ಶೋನೆನ್ ಜಂಪ್’ ಎಂಬ ವಾರಪತ್ರಿಕೆಯಲ್ಲಿ ಈ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಶುರುಮಾಡಿದರು. ಐದು ವರ್ಷದಲ್ಲಿ ಮುಗಿಸುವ ಅಂದಾಜಿತ್ತಂತೆ! ಎರಡು ವರ್ಷದ ನಂತರ, 1999ರ ಅಕ್ಟೋಬರ್ 20ರಂದು, ತೊಯೆ ಆನಿಮೇಷನ್ ಕಂಪನಿ ಅದನ್ನು ಫುಜಿ ಟಿವಿಗೆ ತಂದಿತು. ಲೂಫಿ ಎಂಬ ಹುಡುಗ ಒಂದು ಮಾಯದ ಹಣ್ಣು ತಿಂದು ಮೈಯೆಲ್ಲ ರಬ್ಬರಾಗಿದ್ದಾನೆ. ಆ ಹಣ್ಣು ತಿಂದವರಿಗೆ ಈಜು ಬರುವುದಿಲ್ಲ. ಈಜು ಬಾರದ ಈ ಹುಡುಗ ಕಡಲ್ಗಳ್ಳರ ರಾಜನಾಗಬೇಕೆಂದು ಹುಲ್ಲಿನ ಟೋಪಿ ಹಾಕಿಕೊಂಡು ಸಮುದ್ರಕ್ಕಿಳಿಯುತ್ತಾನೆ. ಜೊತೆಗೆ ಒಬ್ಬೊಬ್ಬರೇ ಸೇರುತ್ತಾರೆ: ದಾರಿ ತಪ್ಪುವ ಖಡ್ಗಧಾರಿ ಝೋರೊ, ನಕ್ಷೆ ಬರೆಯುವ ನಾಮಿ, ಸುಳ್ಳುಬುರುಕ ಉಸೊಪ್, ಅಡುಗೆಯ ಸಾಂಜಿ, ವೈದ್ಯಕೀಯ ಕಲಿತ ಹಿಮಸಾರಂಗ ಚಾಪರ್, ಹೀಗೆ. ಹಿಂದಿನ ಕಡಲ್ಗಳ್ಳರ ರಾಜ ಎಲ್ಲೋ ಇಟ್ಟುಹೋದ ನಿಧಿಯ ಹೆಸರು ಒನ್ ಪೀಸ್. ಅದೇನೆಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ, ನನಗೂ.

ಇಂಥದ್ದನ್ನು ವಿಮರ್ಶಿಸುವುದು ಹೇಗೆ ಎಂಬ ಪ್ರಶ್ನೆಯೇ ಇವತ್ತು ನನ್ನನ್ನು ಇಲ್ಲಿಗೆ ತಂದಿದೆ. ಕಾದಂಬರಿಯನ್ನು ಮುಚ್ಚಿಟ್ಟ ಮೇಲೆ ಬರೆಯಬಹುದು. ಮುಗಿಯದ್ದನ್ನು? ಅನಿಮೆ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಒಂದೊಂದು ಕಂತಿಗೂ ಅಂಕ ಹಾಕುತ್ತಾ ಹೋಗುತ್ತಾರೆ, ಇಲ್ಲವೇ “ಬಹಳ ಉದ್ದ, ಆದರೂ ನೋಡಬಹುದು” ಎಂದು ಎರಡು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಆ ‘ಬಹಳ ಉದ್ದ’ ಎಂಬ ಮಾತೇ ನನಗೆ ತಕರಾರಿನದು. ಉದ್ದ ಬೇರೆ, ಎಳೆತ ಬೇರೆ. ಒನ್ ಪೀಸ್‌ನಲ್ಲಿ ಎರಡೂ ಇವೆ, ಧಾರಾಳವಾಗಿಯೇ ಇವೆ. ಒಂದು ಈ ಕೃತಿಯ ಜೀವ, ಇನ್ನೊಂದು ಅದರ ರೋಗ. ಒಂದೇ ಕತ್ತರಿಯಿಂದ ಎರಡನ್ನೂ ಕತ್ತರಿಸಲು ಹೋದವರು ಏನು ಕಳೆದುಕೊಂಡರು ಎನ್ನುವುದಕ್ಕೆ ಒಂದು ತಿಮಿಂಗಿಲದ ಕಥೆ ಹೇಳಬೇಕು.

ಅರುವತ್ತೆರಡನೇ ಕಂತಿನ ಹೊತ್ತಿಗೆ ಲೂಫಿಯ ಹಡಗು ಗ್ರ್ಯಾಂಡ್ ಲೈನ್ ಎಂಬ ಅಪಾಯದ ಸಮುದ್ರದ ಬಾಯಿಗೆ ಬರುತ್ತದೆ. ಅಲ್ಲೊಂದು ಗುಡ್ಡದಷ್ಟು ದೊಡ್ಡ ತಿಮಿಂಗಿಲ, ಹೆಸರು ಲಬೂನ್. ದಿನವೂ ಅದು ಕೆಂಪು ಬಂಡೆಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಹಣೆಯ ತುಂಬ ಗಾಯದ ಗೆರೆ. ಮರಿಯಾಗಿದ್ದಾಗ ಒಂದು ಕಡಲ್ಗಳ್ಳರ ತಂಡದ ಜೊತೆ ಬಂದಿತ್ತು. ಅವರು ದೀಪಸ್ತಂಭದ ಮುದುಕನ ಕೈಗೆ ಅದನ್ನು ಒಪ್ಪಿಸಿ, ಎರಡು ಮೂರು ವರ್ಷದಲ್ಲಿ ಲೋಕ ಸುತ್ತಿ ಬರುತ್ತೇವೆ ಎಂದು ಹೋದರು. ಐವತ್ತು ವರ್ಷವಾಗಿದೆ. ಅವರು ಬರುವುದಿಲ್ಲ ಎಂಬ ಮಾತನ್ನು ಲಬೂನ್ ಕೇಳಲೊಲ್ಲದು. ಗೋಡೆಯಾಚೆ ಅವರಿದ್ದಾರೆ ಎಂದು ಗುದ್ದುತ್ತಲೇ ಇದೆ. ಲೂಫಿ ಏನು ಮಾಡುತ್ತಾನೆ? ಸಮಾಧಾನ ಹೇಳುವುದಿಲ್ಲ. ಹಡಗಿನ ಪಟಕಂಬವನ್ನೇ ಕಿತ್ತು ಅದರ ಹಣೆಯ ಗಾಯಕ್ಕೆ ಚುಚ್ಚಿ ಜಗಳ ತೆಗೆಯುತ್ತಾನೆ. ಜಗಳ ಅರ್ಧಕ್ಕೆ ನಿಲ್ಲಿಸಿ, ಇದು ಮುಗಿದಿಲ್ಲ, ಲೋಕ ಸುತ್ತಿ ಬಂದು ಮತ್ತೆ ಹೊಡೆದಾಡುತ್ತೇನೆ ಎನ್ನುತ್ತಾನೆ. ಅದರ ಹಣೆಯ ಮೇಲೆ ತನ್ನ ಬಾವುಟದ ತಲೆಬುರುಡೆಯನ್ನು ಅಡ್ಡಾದಿಡ್ಡಿ ಬಳಿದು, ಇದು ಅಳಿಸದಂತೆ ನೋಡಿಕೋ, ತಲೆ ಚಚ್ಚಬೇಡ ಎಂದು ಹೇಳಿ ಹೊರಡುತ್ತಾನೆ. ಚಿತ್ರ ಮಾತ್ರ ಮಕ್ಕಳು ಗೋಡೆಗೆ ಗೀಚಿದ ಹಾಗಿದೆ. ಕಥೆ ಅಲ್ಲಿಂದ ಮುಂದೆ ಹೋಗುತ್ತದೆ. ನಾವು ಮರೆಯುತ್ತೇವೆ.

ಇದು ಪ್ರಸಾರವಾದದ್ದು 2001ರಲ್ಲಿ. 2008ರಲ್ಲಿ, ಮುನ್ನೂರ ಮೂವತ್ತು ಕಂತು ದಾಟಿದ ಮೇಲೆ, ಮಂಜಿನಲ್ಲಿ ತೇಲುವ ಒಂದು ಹಾಳುಹಡಗಿನಲ್ಲಿ ಬ್ರೂಕ್ ಎಂಬ ಅಸ್ಥಿಪಂಜರ ಸಿಗುತ್ತದೆ. ಹಾಡುತ್ತದೆ, ಪಿಟೀಲು ಬಾರಿಸುತ್ತದೆ, ಕೆಟ್ಟ ಜೋಕು ಹೇಳುತ್ತದೆ. ಮೈಯಲ್ಲಿ ಮಾಂಸವಿಲ್ಲ, ತಲೆಯ ಮೇಲೆ ದೊಡ್ಡ ಗುಂಗುರುಕೂದಲು ಮಾತ್ರ ಹಾಗೇ ಇದೆ. ಲಬೂನನ್ನು ಬಿಟ್ಟುಹೋದ ತಂಡದಲ್ಲಿ ಉಳಿದವನು ಅವನೊಬ್ಬನೇ. ವಿಷವೇರಿ ಒಬ್ಬೊಬ್ಬರೇ ಸಾಯುತ್ತಾ ತಂಡದವರು ಲಬೂನಿಗೆಂದು ಕೊನೆಯ ಹಾಡು ಹಾಡಿದರು. ವಾದ್ಯಗಳು ಒಂದೊಂದಾಗಿ ನಿಂತು ಕೊನೆಗೆ ಒಂದೇ ಉಳಿಯುವುದನ್ನು ನಾವು ಕೇಳುತ್ತೇವೆ. ಆ ಹಾಡು ಒಂದು ಚಿಪ್ಪಿನಲ್ಲಿ ದಾಖಲಾಗಿದೆ. ಬ್ರೂಕ್ ಆ ಕೂದಲನ್ನು ಕಾಪಾಡಿಕೊಂಡಿರುವುದು ಯಾಕೆ? ಬರೀ ಎಲುಬಾದ ತನ್ನನ್ನು ತಿಮಿಂಗಿಲ ಗುರುತು ಹಿಡಿಯಬೇಕಲ್ಲ, ಅದಕ್ಕೆ.

ಅದು ಇನ್ನೂ ಕಾಯುತ್ತಿದೆ ಎಂದು ಲೂಫಿ ಹೇಳಿದಾಗ ಎಲುಬಿನ ಕಣ್ಣಗೂಡಿನಿಂದ ನೀರು ಇಳಿಯುತ್ತದೆ. ಈ ಒಂದು ಕ್ಷಣಕ್ಕೆ ಏಳು ವರ್ಷ ಹಿಡಿದಿದೆ. ಎರಡು ಗಂಟೆಯ ಸಿನಿಮಾದಲ್ಲಿ ಇದನ್ನು ಮಾಡಬಹುದೇ? ಘಟನೆಯನ್ನು ತೋರಿಸಬಹುದು, ಆದರೆ ನಾವೇ ಲಬೂನನ್ನು ಮರೆತಿದ್ದೆವು ಎಂಬ ಚುಚ್ಚು ಅಲ್ಲಿ ಬರುವುದಿಲ್ಲ. ಮರೆಯಲು ಕಾಲ ಬೇಕು. ಉದ್ದವೆಂದರೆ ನನಗೆ ಇದು.

ಈಗ ಕತ್ತರಿಯ ವಿಷಯ. 2004ರಲ್ಲಿ ಅಮೆರಿಕದ ಫೋರ್‌ಕಿಡ್ಸ್ ಎಂಬ ಕಂಪನಿ ಒನ್ ಪೀಸನ್ನು ಇಂಗ್ಲಿಷಿಗೆ ಡಬ್ ಮಾಡಿತು. ಸಣ್ಣ ಮಕ್ಕಳಿಗೆಂದು ಸಾಂಜಿಯ ಬಾಯಿಯ ಸಿಗರೇಟು ತೆಗೆದು ಲಾಲಿಪಾಪು ಇಟ್ಟರು. ಅದನ್ನು ನಕ್ಕು ಬಿಡೋಣ. ಆದರೆ ಜಪಾನಿನ ಮೊದಲ 143 ಕಂತುಗಳನ್ನು 104ಕ್ಕೆ ಇಳಿಸುವ ಭರದಲ್ಲಿ ಲಬೂನಿನ ಪ್ರಸಂಗವನ್ನೇ ಇಡಿಯಾಗಿ ಹಾರಿಸಿದರು. ಅವರ ದೃಷ್ಟಿಯಿಂದ ನೋಡಿದರೆ ತಪ್ಪೇನೂ ಕಾಣುವುದಿಲ್ಲ: ಯುದ್ಧವಿಲ್ಲ, ಖಳನಿಲ್ಲ, ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಎಳೆತವೆಂದು ಕಿತ್ತೆಸೆದದ್ದು ಬೀಜವಾಗಿತ್ತು. 2007ರಲ್ಲಿ ಹಕ್ಕು ಫ್ಯೂನಿಮೇಷನ್ ಕಂಪನಿಗೆ ಹೋಯಿತು. ಅವರು ಮೊದಲಿಂದ ಮತ್ತೆ ಡಬ್ ಮಾಡಬೇಕಾಯಿತು.

ಇಷ್ಟು ಹೊಗಳಿದ ಮೇಲೆ ರೋಗದ ಮಾತಿಗೆ ಬರುತ್ತೇನೆ. ಇದರ ಹಿಂದಿನ ಯಂತ್ರ ಹೀಗಿದೆ. ಓಡಾ ವಾರಕ್ಕೊಂದು ಅಧ್ಯಾಯ ಬರೆಯುತ್ತಾರೆ, ಸುಮಾರು ಹದಿನೇಳು ಪುಟ. ತೊಯೆ 2025ರವರೆಗೆ ವಾರಕ್ಕೊಂದು ಕಂತು ಮಾಡುತ್ತಿತ್ತು. ಸುಮ್ಮನೆ ಬಿಟ್ಟರೆ ಟಿವಿ ಒಂದು ಕಂತಿಗೆ ಎರಡು ಮೂರು ಅಧ್ಯಾಯ ತಿಂದು ಹಾಕುತ್ತದೆ. ಬೇಗನೆ ಪುಸ್ತಕದ ಹಿಮ್ಮಡಿ ತುಳಿಯುತ್ತದೆ. ಆಗ ಮೂರು ದಾರಿ. ನಿಲ್ಲಿಸಿ ಕಾಯುವುದು. ‘ನರುಟೊ’ ಎಂಬ ಇನ್ನೊಂದು ಅನಿಮೆ ಮಾಡಿದ ಹಾಗೆ ಮೂಲದಲ್ಲಿಲ್ಲದ ಕಥೆ ಕಟ್ಟಿ ತುಂಬುವುದು. ಫಿಲ್ಲರ್ ಎಂದು ಹುಡುಗರು ಬಯ್ಯುವುದು ಇದನ್ನೇ. ಅಥವಾ ಇದ್ದ ಹದಿನೇಳು ಪುಟವನ್ನೇ ಎಳೆಯುವುದು. ತೊಯೆ ಫಿಲ್ಲರನ್ನು ಅಷ್ಟಿಷ್ಟು ಹಾಕಿತಾದರೂ ಮುಖ್ಯವಾಗಿ ಹಿಡಿದದ್ದು ಮೂರನೆಯ ದಾರಿ.

ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಚೌಕಿಯಲ್ಲಿ ಬಣ್ಣದ ವೇಷ ಇನ್ನೂ ಕಟ್ಟಿ ಮುಗಿದಿಲ್ಲವೆಂದು ಗೊತ್ತಾದರೆ ಭಾಗವತರು ಇದ್ದ ಪದ್ಯವನ್ನೇ ಎಳೆಯುತ್ತಾರೆ. ಆದರೆ ಒಳ್ಳೆಯ ಭಾಗವತ ಎಳೆದಾಗ ರಾಗವಾದರೂ ಸಿಗುತ್ತದೆ. ತೊಯೆ ಎಳೆದಾಗ ಸಿಗುವುದು ಬಾಯಿ ತೆರೆದು ನಿಂತ ಮುಖ. ಒಬ್ಬ ಹೊಡೆದ, ನೋಡುತ್ತಿದ್ದ ಹತ್ತು ಜನರ ಮುಖ ಒಂದಾದ ಮೇಲೊಂದು, ಪ್ರತಿಯೊಬ್ಬರ ಬಾಯಲ್ಲೂ ಒಂದು ಉದ್ಗಾರ. ಆಮೇಲೆ ಅದೇ ಹೊಡೆತ ಇನ್ನೊಂದು ಕೋನದಿಂದ. ಶುರುವಿನ ಹಾಡು ಎರಡೂವರೆ ನಿಮಿಷ, ಹಿಂದಿನ ವಾರದ ಕಥೆ ಎರಡು ಮೂರು ನಿಮಿಷ, ಕೊನೆಗೆ ಮುಂದಿನ ವಾರದ ತುಣುಕು. ಉಳಿದದ್ದು ಹದಿನಾರೋ ಹದಿನೇಳೋ ನಿಮಿಷ. ಅದರಲ್ಲೂ ಒಬ್ಬ ಮೆಟ್ಟಿಲು ಹತ್ತುವುದಕ್ಕೆ ಎರಡು ನಿಮಿಷ.

ಬಾಯಿಮಾತಿನ ದೂರು ಬೇಡ, ಲೆಕ್ಕವೇ ಹೇಳುತ್ತೇನೆ. ಮಾಂಗಾದ ಮೊದಲ 100 ಅಧ್ಯಾಯ ಟಿವಿಯಲ್ಲಿ ಸುಮಾರು ಅರುವತ್ತು ಕಂತಿನಲ್ಲಿ ಮುಗಿದಿದೆ, ಅದೂ ನಡುವೆ ತೊಯೆಯ ಸ್ವಂತ ಕಥೆಯ ಕೆಲವು ಕಂತುಗಳನ್ನು ಸೇರಿಸಿಕೊಂಡು. ಡ್ರೆಸ್‌ರೋಸಾ ಎಂಬ ಘಟ್ಟ 102 ಅಧ್ಯಾಯದ್ದು. ಅದಕ್ಕೆ 118 ಕಂತು, 629ರಿಂದ 746ರವರೆಗೆ. ಒಂದು ಕಂತಿಗೆ ಒಂದು ಅಧ್ಯಾಯವೂ ಪೂರ್ತಿ ಇಲ್ಲ. ಊರಿನ ಸುತ್ತ ಪಂಜರದಂತೆ ಇಳಿಬಿಟ್ಟ ದಾರಗಳು ಒಳಗೊಳಗೆ ಬಿಗಿಯಾಗುತ್ತಿವೆ, ಇನ್ನೇನು ಎಲ್ಲರನ್ನೂ ಕೊಯ್ದುಬಿಡುತ್ತವೆ ಎಂಬ ಆತಂಕ ಅಲ್ಲಿ ನಡೆಯಬೇಕು. ಆ ದಾರಗಳು ತಿಂಗಳುಗಟ್ಟಲೆ ಬಿಗಿಯುತ್ತಲೇ ಇದ್ದವು. ನಾನು ಆ ದಿನಗಳಲ್ಲಿ ಪತ್ರಿಕೆಯ ಪದಬಂಧ ಬಿಡಿಸುತ್ತಾ ನೋಡಿದೆ, ನಷ್ಟವೇನೂ ಆಗಲಿಲ್ಲ. ಕ್ಷಮಿಸಲಾಗದ ಅಧ್ವಾನ ಅದು. ಅಭಿಮಾನಿಗಳು ತಾವೇ ಕತ್ತರಿ ಹಿಡಿದು ಕುಗ್ಗಿಸಿದ ಪ್ರತಿಗಳನ್ನು ಮಾಡಿಕೊಂಡರು ಎಂದರೆ ಅವರ ಹಕ್ಕಿನ ಬಗ್ಗೆ ಏನೇ ಹೇಳಲಿ, ಅವರ ಸಂಕಟ ನಿಜವಾದದ್ದು.

ತೊಯೆ ಇದನ್ನು ತಡವಾಗಿ ಒಪ್ಪಿಕೊಂಡಿದೆ. 2024ರ ಅಕ್ಟೋಬರಿನಿಂದ ಆರು ತಿಂಗಳು ಹೊಸ ಕಂತು ನಿಲ್ಲಿಸಿ, ಆ ಜಾಗದಲ್ಲಿ ಮೀನಮನುಷ್ಯರ ದ್ವೀಪದ ಹಳೆಯ ಐವತ್ತಕ್ಕೂ ಹೆಚ್ಚು ಕಂತುಗಳನ್ನು 21ಕ್ಕೆ ಬಿಗಿಮಾಡಿ ಮರುಪ್ರಸಾರ ಮಾಡಿತು. 2025ರ ಏಪ್ರಿಲಿನಲ್ಲಿ ಹೊಸ ಕಂತುಗಳ ಪ್ರಸಾರ ಭಾನುವಾರ ಬೆಳಗಿನಿಂದ ಭಾನುವಾರ ತಡರಾತ್ರಿಗೆ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದೊಡ್ಡ ಪ್ರಕಟಣೆ: 2026ರಿಂದ ವರ್ಷಕ್ಕೆ ಹೆಚ್ಚೆಂದರೆ 26 ಕಂತು. ಕಾಲು ಶತಮಾನ ವಾರವಾರವೂ ಓಡಿದ ಗಾಡಿ ಕೊನೆಗೂ ಉಸಿರು ತೆಗೆದುಕೊಳ್ಳುತ್ತಿದೆ. ಇತ್ತ ಮೊದಲಿನಿಂದ ಹೊಸದಾಗಿ ಮಾಡುವ ಕೆಲಸವನ್ನು ವಿಟ್ ಸ್ಟುಡಿಯೋ ನೆಟ್‌ಫ್ಲಿಕ್ಸಿಗಾಗಿ ಎತ್ತಿಕೊಂಡಿದೆ, 2023ರ ಡಿಸೆಂಬರಿನಲ್ಲಿ ಸುದ್ದಿ ಬಂತು. ಅವರಿಗೆ ನನ್ನ ಒಂದೇ ಕೋರಿಕೆ, ತಿಮಿಂಗಿಲವನ್ನು ಬಿಡಬೇಡಿ.

ಎಳೆತದ ಆಪಾದನೆ ಹೊತ್ತ ಇದೇ ತೊಯೆಗೆ ಸಲ್ಲಬೇಕಾದ ಮಾತೂ ಇದೆ. ಮಾಂಗಾ ಓದಿದವರು ಸಾಮಾನ್ಯವಾಗಿ “ಅನಿಮೆ ಯಾಕೆ, ಪುಸ್ತಕ ಸಾಕು” ಎನ್ನುತ್ತಾರೆ. ಪುಸ್ತಕದಲ್ಲಿ ಬ್ರೂಕನ ಹಾಡು ಕೇಳಿಸುವುದಿಲ್ಲವಲ್ಲ. ಲೂಫಿಯ ಧ್ವನಿ ಮಯೂಮಿ ತನಾಕಾ ಎಂಬ ಹೆಂಗಸಿನದು. 1955ರಲ್ಲಿ ಹುಟ್ಟಿದ ಆಕೆ ನಲವತ್ತನಾಲ್ಕನೇ ವಯಸ್ಸಿಗೆ ಈ ಹುಡುಗನಾದರು, ಎಪ್ಪತ್ತು ದಾಟಿದರೂ ಹುಡುಗನಾಗಿಯೇ ಇದ್ದಾರೆ. ಅಣ್ಣ ಏಸ್ ತನ್ನ ತೋಳಲ್ಲೇ ಸತ್ತಾಗ, 483ನೇ ಕಂತಿನಲ್ಲಿ, ಆ ಧ್ವನಿ ಒಡೆಯುವುದನ್ನು ಅಕ್ಷರದಲ್ಲಿ ಹಿಡಿಯಲಾಗದು. ಕೊಹೆಯ್ ತನಾಕಾ ಮತ್ತು ಶಿರೊ ಹಮಾಗುಚಿಯವರ ಸಂಗೀತದ ಬಗ್ಗೆ ನನಗೆ ಅಧಿಕಾರವಾಣಿಯಿಂದ ಹೇಳಲು ಬಾರದು. ಹಡಗು ದಡ ಬಿಟ್ಟಾಗಲೆಲ್ಲ ಮೈ ನವಿರೇಳುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಚಿತ್ರ ಮೊದಲು ಬಡವಾಗಿತ್ತು. 2019ರಲ್ಲಿ ವಾನೊ ಎಂಬ ಘಟ್ಟ ಬಂದಾಗ ನಿರ್ದೇಶಕ ತತ್ಸುಯ ನಗಮಿನೆಯವರ ಕೈಕೆಳಗೆ ಗೆರೆ ದಪ್ಪವಾಯಿತು, ಮರದಚ್ಚಿನ ಹಳೆಯ ಜಪಾನಿ ಚಿತ್ರಗಳ ಬಣ್ಣ ಬಂತು. 2023ರ ಆಗಸ್ಟ್ 6ರಂದು ಬಂದ 1071ನೇ ಕಂತು ಮಾತ್ರ ಬೇರೆಯೇ ಲೆಕ್ಕ. ಸತ್ತನೆಂದುಕೊಂಡ ಲೂಫಿ ಬಿಳಿ ಕೂದಲಿನವನಾಗಿ ಎದ್ದು ನಗುತ್ತಾನೆ. ಅವನ ಕಣ್ಣುಗುಡ್ಡೆ ಹೊರಗೆ ಚಿಮ್ಮುತ್ತವೆ, ಕಾಲು ಚಕ್ರದ ಹಾಗೆ ತಿರುಗುತ್ತವೆ, ನೆಲವೇ ರಬ್ಬರಾಗುತ್ತದೆ, ಘನಘೋರ ಡ್ರ್ಯಾಗನ್ನನ್ನು ಹಗ್ಗದ ಹಾಗೆ ಹಿಡಿದು ಆಡುತ್ತಾನೆ. ಟಾಮ್ ಅಂಡ್ ಜೆರ್ರಿ ನೋಡಿದವರಿಗೆ ಗೊತ್ತಾಗುತ್ತದೆ. ಸಾವಿರ ಕಂತಿನ ಯುದ್ಧ, ಸಾವು, ಗುಲಾಮಗಿರಿಯ ತುದಿಯಲ್ಲಿ ಅತ್ಯಂತ ದೊಡ್ಡ ಶಕ್ತಿಯಾಗಿ ಬಂದದ್ದು ಕಾರ್ಟೂನೇ. ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಓಡಾ ಅವರೇ ಉತ್ತರ ಕೊಟ್ಟ ಹಾಗಿತ್ತು.

ಗುಲಾಮಗಿರಿ ಎಂದೆ. ಹೌದು, ಈ ಹುಡುಗಾಟದ ಲೋಕದ ಕೆಳಗೆ ಕತ್ತಲೆ ಇದೆ. ಲೋಕ ಸರ್ಕಾರ ಎಂಬುದೊಂದಿದೆ. ಅದು ನೂರು ವರ್ಷದ ಚರಿತ್ರೆಯನ್ನು ಅಳಿಸಿಬಿಟ್ಟಿದೆ; ಕಲ್ಲಿನ ಶಾಸನಗಳಲ್ಲಿ ಉಳಿದದ್ದನ್ನು ಓದುವುದು ಅಪರಾಧ. ಓಹಾರಾ ಎಂಬ ದ್ವೀಪದ ವಿದ್ವಾಂಸರು ಓದಿದರು. ದ್ವೀಪದ ನಡುವೆ ದೊಡ್ಡ ಮರ, ಮರದೊಳಗೆ ಗ್ರಂಥಾಲಯ. ನೌಕಾಪಡೆ ಸುತ್ತುಗಟ್ಟಿ ಫಿರಂಗಿ ಹಾರಿಸುತ್ತಿದೆ, ಮರಕ್ಕೆ ಬೆಂಕಿ ಹತ್ತಿದೆ. ಒಳಗಿದ್ದ ಮುದುಕರು ಓಡುವುದಿಲ್ಲ. ಕೈಗೆ ಸಿಕ್ಕ ಪುಸ್ತಕಗಳನ್ನು ಕೆಳಗಿನ ಕೆರೆಗೆ ಎಸೆಯುತ್ತಿದ್ದಾರೆ. ನೀರಿನಲ್ಲಿ ನೆನೆದರೂ ಸುಡುವುದಿಲ್ಲ ಎಂಬಷ್ಟೇ ಆಸೆ. ಎಂಟು ವರ್ಷದ ರಾಬಿನ್ ಒಬ್ಬಳೇ ತಪ್ಪಿಸಿಕೊಳ್ಳುತ್ತಾಳೆ; ಮುಂದೆ ಲೂಫಿಯ ಹಡಗು ಸೇರುವವಳು ಇವಳೇ. ಆ ಮಗುವಿನ ತಲೆಗೆ ಸರ್ಕಾರ ಆ ಲೋಕದ ಹಣದಲ್ಲಿ 7.9 ಕೋಟಿ ಬೆರಿ ಬೆಲೆ ಕಟ್ಟುತ್ತದೆ, ಓದಬಲ್ಲಳು ಎಂಬ ಕಾರಣಕ್ಕೆ. ಇದು 2006ರ ಕಂತುಗಳಲ್ಲಿ. ಕೆರೆಗೆ ಬಿದ್ದ ಆ ಪುಸ್ತಕಗಳನ್ನು ಯಾರು ಎತ್ತಿಕೊಂಡು ಹೋದರು ಎಂಬುದು ತಿಳಿಯುವುದು 2024ರಲ್ಲಿ ಶುರುವಾದ ಎಗ್‌ಹೆಡ್ ಘಟ್ಟದಲ್ಲಿ. ಯಾರೆಂದು ನಾನು ಹೇಳುವುದಿಲ್ಲ. ಸುಮಾರು ಹದಿನೆಂಟು ವರ್ಷ ಆ ಪುಸ್ತಕಗಳು ನೋಡುಗರ ಲೆಕ್ಕದಲ್ಲಿ ಸುಟ್ಟುಹೋಗಿದ್ದವು. ಓಡಾ ಅವರ ಲೆಕ್ಕದಲ್ಲಿ ಇರಲಿಲ್ಲ.

ಮೀನಮನುಷ್ಯರ ದ್ವೀಪದ ಘಟ್ಟ ಹೊಡೆದಾಟದ ದೃಷ್ಟಿಯಿಂದ ಸಪ್ಪೆ, ಆದರೆ ಅದರ ನಡುವೆ ಒಂದು ಉತ್ತರವಿದೆ. ಮನುಷ್ಯರನ್ನು ಕಂಡರೆ ಕೆಂಡ ಕಾರುವ ಹೋಡಿ ಎಂಬ ಮೀನಮನುಷ್ಯನನ್ನು, ಮನುಷ್ಯರು ನಿನಗೆ ಮಾಡಿದ್ದೇನು ಎಂದು ರಾಜಕುಮಾರ ಕೇಳುತ್ತಾನೆ. ಏನೂ ಇಲ್ಲ ಎಂಬುದು ಅವನ ಉತ್ತರ. ಅವನ ಹಿರಿಯರಿಗೆ ಅನ್ಯಾಯವಾದದ್ದು ನಿಜ. ಇವನಿಗೆ ಬಂದದ್ದು ಅನುಭವವಲ್ಲ, ಅನುಭವವಿಲ್ಲದ ದ್ವೇಷ ಮಾತ್ರ. ಅಣ್ಣತಮ್ಮಂದಿರ ಜಗಳದ ಊರುಗಳಲ್ಲಿ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಡ. ಈ ಕಥೆ ಪರದೆಯಾಚೆಗೂ ಹೋಗಿದೆ: 2025ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಬೀದಿಗಳಲ್ಲಿ, ಸೆಪ್ಟೆಂಬರಿನಲ್ಲಿ ಕಠ್ಮಂಡುವಿನ ಸಿಂಹದರ್ಬಾರಿನ ಗೇಟಿನ ಮೇಲೆ ಲೂಫಿಯ ಹುಲ್ಲುಟೋಪಿಯ ತಲೆಬುರುಡೆ ಬಾವುಟ ಹಾರಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಪ್ರತಿಭಟನೆಗಿಳಿದ ಆ ಹುಡುಗರಿಗೆ ಸಿದ್ಧಾಂತದ ಪುಸ್ತಕಕ್ಕಿಂತ ಮೊದಲು ಈ ಕಥೆ ಸಿಕ್ಕಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ ವೇದಿಕೆಗೆ.

ಇನ್ನೆರಡು ದೂರು ದಾಖಲಾಗಲಿ. ಹೆಂಗಸರನ್ನು ಬರೆಯುವ ರೀತಿ ಕಥೆಯ ಮಧ್ಯದ ಎರಡು ವರ್ಷದ ಜಿಗಿತದ ನಂತರ ಹಾಸ್ಯಾಸ್ಪದವಾಗಿದೆ. ಮನಸ್ಸಿನಲ್ಲಿ ನಾಮಿ, ರಾಬಿನ್ ಇಷ್ಟು ಗಟ್ಟಿ. ಕಾಗದದ ಮೇಲೆ ಮರಳಿನ ಗಡಿಯಾರ. ಸಾಂಜಿಯ ಜೊಲ್ಲಿನ ಜೋಕು ನೂರನೇ ಸಲಕ್ಕೆ ಯಾರಿಗೂ ನಗು ತರಿಸುವುದಿಲ್ಲ. ಇನ್ನೊಂದು, ಏಸ್‌ನಂಥ ಒಬ್ಬಿಬ್ಬರನ್ನು ಬಿಟ್ಟರೆ ವರ್ತಮಾನದ ಕಥೆಯಲ್ಲಿ ಸಾಯಬೇಕಾದವರು ಸಾಯುವುದಿಲ್ಲ. ಅಲಬಾಸ್ಟಾ ಎಂಬ ಘಟ್ಟದಲ್ಲಿ ಪೆಲ್ ಎಂಬ ಕಾವಲುಗಾರ ಊರನ್ನೇ ಸುಡುವ ಬಾಂಬನ್ನು ಆಕಾಶಕ್ಕೆ ಒಯ್ದು ಸಿಡಿದುಹೋದ ಎಂದು ನಾವು ಕಣ್ಣೊರೆಸಿಕೊಂಡರೆ, ಆಮೇಲೆ ಬ್ಯಾಂಡೇಜು ಸುತ್ತಿಕೊಂಡು ತನ್ನದೇ ಗೋರಿಯ ಮುಂದೆ ಬಂದು ನಿಲ್ಲುತ್ತಾನೆ. ಕಣ್ಣೀರು ವಾಪಸ್ ಕೊಡಿ ಎನ್ನಬೇಕೆನಿಸಿತು.

ಆದರೆ ಸತ್ತದ್ದೊಂದಿದೆ: ಹಡಗು. ಗೋಯಿಂಗ್ ಮೆರ್ರಿ, ಕುರಿಯ ತಲೆಯ ಪುಟ್ಟ ಹಡಗು. ಹದಿನೇಳನೇ ಕಂತಿನ ಸುತ್ತ ಸಿಕ್ಕಿದ್ದು. ವಾಟರ್ ಸೆವೆನ್ ಎಂಬ ಬಡಗಿಗಳ ಊರಿನಲ್ಲಿ, ಅಡಿಮರ ಮುರಿದಿದೆ, ಇನ್ನು ರಿಪೇರಿ ಇಲ್ಲ ಎನ್ನುತ್ತಾರೆ. ಹಡಗು ಬಿಡಬೇಕೆಂದು ಲೂಫಿ, ಬಿಡುವುದಿಲ್ಲವೆಂದು ಉಸೊಪ್; ಇಬ್ಬರು ಗೆಳೆಯರು ಹೊಡೆದಾಡಿ ಬೇರೆಯಾಗುತ್ತಾರೆ. ಕೊನೆಗೆ ಎಲ್ಲರೂ ಸಾಯುವ ಹೊತ್ತಿನಲ್ಲಿ ಅದೇ ಮುರುಕು ಹಡಗು ತಾನೇ ತೇಲಿ ಬಂದು ಅವರನ್ನು ಎತ್ತಿಕೊಳ್ಳುತ್ತದೆ, ಆಮೇಲೆ ಎರಡಾಗುತ್ತದೆ. 312ನೇ ಕಂತಿನಲ್ಲಿ ಅದನ್ನು ಸಮುದ್ರದ ಮೇಲೆ ಸುಡುತ್ತಾರೆ. ಹಿಮ ಬೀಳುತ್ತಿರುತ್ತದೆ. ಹಡಗು ಮಾತಾಡುತ್ತದೆ, ಇನ್ನೂ ದೂರ ಒಯ್ಯಲಾಗಲಿಲ್ಲ ಎಂದು ಕ್ಷಮೆ ಕೇಳುತ್ತದೆ. ಹಡಗಿನಲ್ಲೊಂದು ಜೀವ ಇರುತ್ತದೆಂಬುದು ಯೂರೋಪಿನ ನಾವಿಕರ ನಂಬಿಕೆ. ಓಡಾ ಅದನ್ನು ಎತ್ತಿಕೊಂಡಿದ್ದಾರೆ. ಮರದ ಹಲಗೆಗಾಗಿ ಅರುವತ್ತು ದಾಟಿದ ನಾನು ಅತ್ತದ್ದನ್ನು ಈ ವೇದಿಕೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಮುನ್ನೂರು ಕಂತು ಆ ಹಲಗೆಯ ಮೇಲೆ ಕೂತಿದ್ದೆ.

ಹಡಗು ಸುಟ್ಟರೂ ಅದರ ಜನ ಓಡಾ ಅವರ ಹುಟ್ಟೂರಿನ ಕಡೆ ನಿಂತಿದ್ದಾರೆ. 2016ರ ಏಪ್ರಿಲಿನಲ್ಲಿ ಕುಮಾಮೊಟೊದಲ್ಲಿ ಭೂಕಂಪವಾಯಿತು. ಓಡಾ ನೆರವು ಕೊಟ್ಟರು. 2018ರಿಂದ 2022ರೊಳಗೆ ಆ ಪ್ರಾಂತದ ಹತ್ತು ಕಡೆ ಹಡಗಿನ ಹತ್ತು ಜನರ ಕಂಚಿನ ಪ್ರತಿಮೆಗಳು ನಿಂತವು. ಲೂಫಿ ಪ್ರಾಂತ್ಯ ಸರ್ಕಾರದ ಕಚೇರಿಯ ಮುಂದೆ, ಚಾಪರ್ ಮೃಗಾಲಯದಲ್ಲಿ. ಓದುವ ರಾಬಿನ್ ಭೂಕಂಪದಲ್ಲಿ ಹಾಳಾದ ಒಂದು ವಿಶ್ವವಿದ್ಯಾಲಯದ ಹಳೆಯ ಆವರಣದಲ್ಲಿ.

ಕನ್ನಡದ ಮಾತು ಒಂದಿಷ್ಟು. ಜಪಾನಿನ ಅನಿಮೆ ನಮ್ಮ ಮನೆಗೆ ಬಂದದ್ದು ಇವತ್ತಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ‘ಜಂಗಲ್ ಬುಕ್’ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಅದು ನಿಪ್ಪಾನ್ ಆನಿಮೇಷನ್ 1989ರಲ್ಲಿ ಮಾಡಿದ 52 ಕಂತಿನ ಅನಿಮೆ; ಹಿಂದಿ ಮಾತಾಡುತ್ತಿತ್ತು, ನಾವು ಮೋಗ್ಲಿಯನ್ನು ಪಕ್ಕದ ಮನೆಯವನಂತೆ ನೋಡಿದೆವು. ಸಿನಿಮಾ ಡಬ್ಬಿಂಗಿಗೆ ಇಲ್ಲಿ ಬಾಗಿಲು ಹಾಕಿದ್ದ ದಿನಗಳಲ್ಲೇ, 2009ರಲ್ಲಿ, ಚಿಂಟು ಟಿವಿ ಬಂತು. ಡೋರಾ ಕನ್ನಡದಲ್ಲಿ ದಾರಿ ಕೇಳಿದಳು, ಭಾಷೆಗೆ ಏನೂ ಆಗಲಿಲ್ಲ. ಈಗ ಅನಿಮೆ ವೇದಿಕೆಗಳಲ್ಲಿ ಕೆಲವು ಧಾರಾವಾಹಿಗಳಿಗೆ ಹಿಂದಿ, ತಮಿಳು, ತೆಲುಗಿನ ಧ್ವನಿ ಸಿಗುತ್ತದೆ. ಪಟ್ಟಿಯಲ್ಲಿ ನಾನು ಕನ್ನಡವನ್ನು ಹುಡುಕಿದೆ, ಕಾಣಲಿಲ್ಲ. ಡಬ್ಬಿಂಗ್ ಬೇಕೇ ಬೇಡವೇ ಎಂದು ನಾವು ಸಭೆ ಮಾಡುತ್ತಿದ್ದಾಗ ನಮ್ಮ ಮಕ್ಕಳು ಇಂಗ್ಲಿಷ್ ಅಡಿಬರಹ ಓದಿಕೊಂಡು ಮುಂದೆ ಹೋದರು. ನನಗೆ ಮಾತ್ರ ಪುಕ್ಕಟೆ ಕನ್ನಡ ಸಿಕ್ಕಿತು, ಒಂದು ತಿಂಗಳು.

ಆ ತಿಂಗಳಲ್ಲಿ ಒಂದು ರಾತ್ರಿ ಮಾತ್ರ ಆ ಕನ್ನಡವೂ ನಿಂತಿತು. ಮೂವತ್ತೇಳನೇ ಕಂತು. ನಾಮಿಯ ಊರನ್ನು ಆರ್ಲಾಂಗ್ ಎಂಬವನು ಎಂಟು ವರ್ಷದಿಂದ ಹಿಡಿದಿಟ್ಟಿದ್ದಾನೆ. ಹತ್ತು ಕೋಟಿ ಬೆರಿ ಕೊಟ್ಟರೆ ಊರು ನಿನ್ನದು ಎಂದು ಮಾತು ಕೊಟ್ಟಿದ್ದಾನೆ. ಅವಳು ಕದ್ದು, ಸುಳ್ಳು ಹೇಳಿ, ಊರವರ ಕೈಲಿ ಉಗಿಸಿಕೊಂಡು 9.3 ಕೋಟಿ ಕೂಡಿಸಿದ್ದಾಳೆ. ಅದನ್ನು ಅವನೇ ಪಿತೂರಿ ಮಾಡಿ ಕಸಿಯುತ್ತಾನೆ. ನಾಮಿ ನೆಲದ ಮೇಲೆ ಕೂತು, ತೋಳಿನ ಮೇಲೆ ಅವನು ಹಾಕಿಸಿದ ಹಚ್ಚೆಯನ್ನು ಚಾಕುವಿನಿಂದ ಇರಿದುಕೊಳ್ಳುತ್ತಿದ್ದಾಳೆ. ಹಿಂದಿನಿಂದ ಒಂದು ಕೈ ಬಂದು ತಡೆಯುತ್ತದೆ. ನಿನಗೇನು ಗೊತ್ತು ಎಂದು ಅವಳು ಕಿರುಚುತ್ತಾಳೆ. ಲೂಫಿ ಗೊತ್ತಿಲ್ಲ ಎನ್ನುತ್ತಾನೆ. ನಿಜಕ್ಕೂ ಗೊತ್ತಿಲ್ಲ, ಅವಳ ಹಿಂದಿನ ಕಥೆಯನ್ನು ಅಕ್ಕ ಎಲ್ಲರಿಗೂ ಹೇಳುವಾಗ ಇವನು ನನಗೆ ಬೇಡ ಎಂದು ತಿರುಗಾಡಲು ಹೋಗಿದ್ದ. ನೋಡುವ ನಮಗೆಲ್ಲ ಗೊತ್ತು, ನಾಯಕನಿಗೆ ಗೊತ್ತಿಲ್ಲ. ಅವಳು ಮಣ್ಣು ತೂರಿ ಹೋಗು ಎನ್ನುತ್ತಾಳೆ, ಅವನು ಹೋಗುವುದಿಲ್ಲ. ಕೊನೆಗೆ ಅವಳು ತಿರುಗಿ, ಎಂಟು ವರ್ಷದಲ್ಲಿ ಯಾರನ್ನೂ ಕೇಳದ ಸಹಾಯವನ್ನು ಕೇಳುತ್ತಾಳೆ. ಯಾರಿಗೂ ಮುಟ್ಟಗೊಡದ ತನ್ನ ಟೋಪಿಯನ್ನು ಅವಳ ತಲೆಗಿಟ್ಟು ಅವನು ನಡೆಯುತ್ತಾನೆ. ದಾರಿಬದಿಯಲ್ಲಿ ಉಳಿದ ಮೂವರು ಆಗಲೇ ಕಾದಿದ್ದಾರೆ, ಏನೆಂದು ಕೇಳುವುದೂ ಇಲ್ಲ.

ಪಕ್ಕಕ್ಕೆ ತಿರುಗಿದೆ. ಹುಡುಗ ಅಡಿಬರಹ ಓದುವುದನ್ನು ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಿದ್ದ. ಇದು ಅವನು ನೋಡುತ್ತಿದ್ದುದು ಮೂರನೇ ಸಲವಂತೆ. ನನಗೆ ಅನುವಾದ ಬೇಕಾಗಲಿಲ್ಲ.

ಆದ್ದರಿಂದ ನೋಡಬೇಕೋ ಬೇಡವೋ ಎಂದು ಕೇಳುವವರಿಗೆ ನನ್ನ ತೀರ್ಪು ಇಷ್ಟು. ಸಾವಿರ ಕಂತಿನ ಲೆಕ್ಕಕ್ಕೆ ಹೆದರಬೇಡಿ. ಮೊದಲ ಕಂತಿನಿಂದ ಶುರುಮಾಡಿ, ಶುರುವಿನ ಹಾಡನ್ನು ಎರಡನೇ ಸಲದಿಂದ ಹಾರಿಸಿ, ಲಬೂನನ್ನು ಹಾರಿಸಬೇಡಿ, ಡ್ರೆಸ್‌ರೋಸಾಕ್ಕೆ ಬಂದಾಗ ಪದಬಂಧ ಹತ್ತಿರ ಇಟ್ಟುಕೊಳ್ಳಿ. ಮೂವತ್ತೇಳನೇ ಕಂತಿನವರೆಗೆ ತಾಳ್ಮೆ ಇರಲಿ. ಅಲ್ಲಿಗೂ ಏನೂ ಅನ್ನಿಸದಿದ್ದರೆ ನಿಲ್ಲಿಸಿಬಿಡಿ, ಮುಂದಿನದು ನಿಮಗಲ್ಲ.